ಆಕಾಶದ ಕಲ್ಲಿಗೊಂದು ಹೆಸರು

"ನೋಡಮ್ಮ, ಇನ್ಮೇಲೆ ಆಕಾಶದಲ್ಲೂ ನಿನ್ನ ಹೆಸರು!" ಎನ್ನುತ್ತ ವೀಕ್ಷಣಾಲಯದ ನಿರ್ದೇಶಕರು ನೋಂದಣಿಗೆ ಕಳಿಸಬೇಕಿದ್ದ ಕಾಗದವನ್ನು ಮೇಜಿನ ಮೇಲೆ ಹರಡಿದರು. ಟೈಪಿಸ್ಟ್ ಹುಡುಗಿ ಚಪ್ಪಾಳೆ ತಟ್ಟಿದಳು. ನಕ್ಷತ್ರಗಳ ಸ್ಥಾನ ಅಳೆಯುವ ಕೆಲಸದಿಂದಾಗಿ ಎಲ್ಲರ ಬಾಯಲ್ಲೂ 'ಅಳತೆಯಮ್ಮ' ಆಗಿದ್ದ ಆಕೆ ಕನ್ನಡಕ ಸರಿಮಾಡಿಕೊಂಡು ಓದಿದಳು.

ಮಂಗಳ, ಗುರು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುವ ಹೊಸದೊಂದು ಪುಟ್ಟ ಕಲ್ಲು, ಕ್ಷುದ್ರಗ್ರಹ. ಅದಕ್ಕೆ ಅವಳ ಹೆಸರು. ಕೆಳಗೆ, 'ಕಂಡುಹಿಡಿದವರು' ಎಂಬಲ್ಲಿ ನಿರ್ದೇಶಕರ ಹೆಸರು! ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇನ್ನೇನು? ಹತ್ತೊಂಬತ್ತು ವರ್ಷ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ದೂರದರ್ಶಕ ತೆಗೆದ ಗಾಜಿನ ಚಿತ್ರಗಳನ್ನು ಭೂತಗನ್ನಡಿಯಲ್ಲಿ ಹೋಲಿಸಿ ನೋಡಿದವಳು ಅವಳು. ನಕ್ಷತ್ರಗಳೆಲ್ಲ ಇದ್ದಲ್ಲೇ ಇದ್ದಾಗ ಒಂದು ಚುಕ್ಕೆ ಮಾತ್ರ ಕೂದಲೆಳೆಯಷ್ಟು ಸರಿದದ್ದನ್ನು ಕಂಡದ್ದೂ ಅವಳೇ. ಓಡಿಹೋಗಿ ತೋರಿಸಿದರೆ ಈ ಮಹಾನುಭಾವರು, "ಧೂಳು ಕಣಮ್ಮ, ಒರೆಸಿಬಿಡು" ಎಂದು ಕಾಫಿ ಹೀರಿದ್ದರು. ಅವಳು ಒರೆಸಲಿಲ್ಲ. ಇನ್ನೂ ಒಂಬತ್ತು ಚಿತ್ರಗಳಲ್ಲಿ ಅದರ ಬೆನ್ನುಹತ್ತಿ, ಕಕ್ಷೆ ಲೆಕ್ಕಹಾಕಿ ಕೊಟ್ಟಳು. ಇಷ್ಟು ವರ್ಷದ ಚಾಕರಿಯಲ್ಲಿ ತನ್ನದು ಅಂತ ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಈಗ ನೋಡಿದರೆ, ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡಿತ್ತು.

"ಸಾರ್, ಇದನ್ನ ಕಂಡಿದ್ದು ನಾನು."

"ಯಾರು ಕಂಡ್ರೇನಮ್ಮ, ದೂರದರ್ಶಕ ಸಂಸ್ಥೇದು, ಸಂಸ್ಥೆಗೆ ನಾನು ಯಜಮಾನ. ಆದ್ರೂ ಉಪಕಾರ ಮರೆಯೋನಲ್ಲ. ಹೆಸರಿಡೋ ಹಕ್ಕು ನಂದು, ಇಟ್ಟಿದ್ದು ನಿಂದು. ಎಷ್ಟು ಜನಕ್ಕಿದೆ ಈ ಭಾಗ್ಯ?"

"ಆ ಭಾಗ್ಯ ನೀವೇ ಇಟ್ಕೊಳ್ಳಿ. ಕಂಡಿದ್ದು ನಾನು ಅಂತ ಬರೀರಿ, ಸಾಕು."

ಟೈಪಿಸ್ಟ್ ಅಳುಕುತ್ತಲೇ ಬಾಯಿ ಹಾಕಿದಳು. "ಸಾರ್, ಎರಡೂ ಕಡೆ ಅಕ್ಕನ ಹೆಸರೇ ಹಾಕಿದ್ರೆ?"

ನಿರ್ದೇಶಕರು ಗಹಗಹಿಸಿ ನಕ್ಕರು. "ಅಯ್ಯೋ ಪೆದ್ದಿ! ಕಂಡವರು ತಮ್ಮ ಹೆಸರು ತಾವೇ ಇಟ್ಕೊಳ್ಳೋ ಪದ್ಧತಿ ಎಲ್ಲೂ ಇಲ್ಲ. ಕಲ್ಲಿಗೆ ಈಕೆ ಹೆಸರು ಬಂತು ಅಂದ್ರೆ, ಕಂಡವಳು ಈಕೆ ಅಲ್ಲ ಅಂತ ಜಗತ್ತಿಗೆಲ್ಲ ತಾನಾಗೇ ತಿಳಿಯತ್ತೆ."

ಓಹೋ! ಶಾಲು ಹೊದಿಸಿ ಅದರೊಳಗೇ ಹೊಡೆಯುವ ಸನ್ಮಾನ ಇದು. ಅಳತೆಯಮ್ಮ ಅವರ ಪೆನ್ನು ತೆಗೆದುಕೊಂಡು, ಕಲ್ಲಿಗಿಟ್ಟಿದ್ದ ತನ್ನ ಹೆಸರನ್ನು ಹೊಡೆದುಹಾಕಿ, ಕಾಗದವನ್ನು ಅವರತ್ತ ತಳ್ಳಿದಳು.

"ಹಾಗಾದ್ರೆ ಇದಕ್ಕೆ ನಿಮ್ಮ ಹೆಸರೇ ಇಡಿ ಸಾರ್. ಕಂಡವರಿಗೆ ಮಾತ್ರ ತಾನೇ ಅಡ್ಡಿ ಇರೋದು?"