ಹನ್ನೊಂದು ನೇರಳೆ ಚುಕ್ಕೆಗಳು

ಹದಿಮೂರನೇ ದಿನದ ಊಟ ಮುಗಿಸಿ ನೆಂಟರೆಲ್ಲ ಊರಿಗೆ ಹೋಗಿದ್ದರು. ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಬಂದ... ನಳದಲ್ಲಿ ನೀರೂ ಬಂತು.

ವಿನುತಾ ಎಂದಿನಂತೆ ಎರಡು ಕಪ್ ಚಹಾ ಸೋಸಿದಳು. ಒಂದನ್ನು ಹಾಗೇ ಸಿಂಕಿಗೆ ಸುರಿದಳು.

ಅಷ್ಟು ದಿನದಲ್ಲಿ ಅವಳು ಒಮ್ಮೆಯೂ ಅತ್ತಿರಲಿಲ್ಲ. "ಒಂದ್ ಹನಿ ಕಣ್ಣೀರ್ ಹಾಕ್ಲಿಲ್ಲ ನೋಡ್ರಿ... ಕಲ್ಲಾಗ್ಯಾಳ" ಎಂದು ನೆಂಟರ ಹೆಂಗಸರು ಆಡಿದ್ದು ಅವಳ ಕಿವಿಗೂ ಬಿದ್ದಿತ್ತು.

ಆಗ ಫೋನಿಗೆ ಒಂದು ಮೆಸೇಜ್ ಬಂತು. ಗಂಡ ಅನಿರುದ್ಧನ ಲ್ಯಾಬಿಗೆ ಹೊಸದಾಗಿ ಸೇರಿದ್ದ ಟೆಕ್ನಿಷಿಯನ್ ಫರ್ಹಾನಾಳದು.

"ಮೇಡಂ, ಸರ್ ಇಟ್ಟಿದ್ದ ಆರೂ ಡಿಶ್ ಖಾಲಿ ಅದಾವ್ರಿ. ಏನೂ ಬೆಳದಿಲ್ಲ. ಇವತ್ತ ಇನ್‌ಕ್ಯುಬೇಟರ್ ಸ್ವಚ್ಛ ಮಾಡೋದದ... ಚೆಲ್ಲಲೇನ್ರಿ?"

ವಿನುತಾ ಎದ್ದು ನಿಂತಳು. "ಮುಟ್ಟಬೇಡಿ. ನಾ ಬರ್ತೀನಿ" ಎಂದು ಬರೆದಳು.

ಅನಿರುದ್ಧ ಕ್ಯಾನ್ಸರ್ ಆಸ್ಪತ್ರೆಯ ಲ್ಯಾಬಿನಲ್ಲಿ ಸಂಶೋಧಕ. ಮನುಷ್ಯರ ಅಸ್ಥಿಮಜ್ಜೆಯ ಸ್ಟೆಮ್ ಸೆಲ್ ಎಂಬ ಮೂಲಕೋಶಗಳಿಗೆ ವಿಕಿರಣ ಕೊಟ್ಟು, ಅವು ಏನು ಮಾಡುತ್ತವೆ ಎಂದು ನೋಡುವುದು ಅವನ ಕೆಲಸ.

ಅಪಘಾತದ ದಿನ ಅವನು ಕೊನೆಯ ಪ್ರಯೋಗದ ಆರು ಡಿಶ್‌ಗಳನ್ನು, ಕೋಶಗಳು ಬೆಳೆಯಲೆಂದು, ಇನ್‌ಕ್ಯುಬೇಟರಿನಲ್ಲಿಟ್ಟು ಬೈಕ್ ಹತ್ತಿದ್ದ. ಮನೆ ಮುಟ್ಟಲಿಲ್ಲ...

ಹದಿನಾಲ್ಕನೇ ದಿನ ಅವಕ್ಕೆ ಬಣ್ಣ ಹಾಕಿ ಎಣಿಸಬೇಕು. ಇಲ್ಲದಿದ್ದರೆ ಅವನ ಮೂರು ವರ್ಷದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಅವನ ಜೊತೆಗೇ ಎಂ.ಎಸ್ಸಿ. ಓದಿದ ವಿನುತಾಳಿಗೆ ಅದು ಗೊತ್ತಿತ್ತು.

ಇವತ್ತೇ ಹದಿನಾಲ್ಕನೇ ದಿನ.

"ಎಲ್ಲಿಗೆ ಹೊಂಟಿ? ಮಂದಿ ಏನಂದಾರು?" ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು.

"ಅವರ ಕೆಲಸ ಉಳದದ, ಅತ್ಯಾ. ಇವತ್ತ ಮಾಡ್ಲಿಲ್ಲಂದ್ರ ಹಾಳಾಗ್ತದ."

ಅತ್ತೆ ಬಾಗಿಲು ಬಿಟ್ಟು ಸರಿದರು. ಒಳಗೆ ಹೋಗಿ ಮಗನ ಬುತ್ತಿಡಬ್ಬಿಯನ್ನೇ ತುಂಬಿ ತಂದರು. "ಮುಗಿಸೇ ಬಾ."

ಲ್ಯಾಬಿನಲ್ಲಿ ಡಿಶ್‌ಗಳು ನಿಜಕ್ಕೂ ಖಾಲಿಯಂತೆಯೇ ಕಂಡವು. ತಳದಲ್ಲಿ ತಿಳಿಗುಲಾಬಿ ದ್ರವ ಮಾತ್ರ.

ಬಣ್ಣದ ಬಾಟಲಿಗೆಂದು ಡ್ರಾಯರ್ ಎಳೆದಾಗ ಬೆರಳಿಗೆ ಹಾಕಿಕೊಳ್ಳುವ ಪುಟ್ಟ ಜಪದ ಮಷಿನ್ ಸಿಕ್ಕಿತು. ಗುಂಡಿ ಒತ್ತಿದರೆ ಒಂದೊಂದೇ ಅಂಕಿ ಏರುವಂಥದ್ದು.

ಹಿಂದೆ ಅಂಟಿಸಿದ ಚೀಟಿಯಲ್ಲಿ ಅವನ ಅಕ್ಷರ: "ಕೆಳಗಿನ ರೇಡಿಯೇಷನ್ ವಾರ್ಡಿನ ನೀಲವ್ವನದು. ಎಣಿಸಿದ ದಿನವೇ ವಾಪಸ್."

"ಲ್ಯಾಬಿನ ಎಣಿಸೋ ಮಷಿನ್ ಕೆಟ್ಟಿತ್ರಿ. ಸರ್ ಆ ಅಮ್ಮನ ಕಡೆ ಇಸಕೊಂಡಿದ್ರು" ಎಂದಳು ಫರ್ಹಾನಾ.

ವಿನುತಾ ಡಿಶ್‌ಗಳನ್ನು ತೊಳೆದು ಬಣ್ಣ ಹಾಕಿದಳು. ಕಾಯುವಾಗ ಒಂದು ಸಂಜೆ ನೆನಪಾಯಿತು...

ಅವಳು ಚಪಾತಿ ಲಟ್ಟಿಸುತ್ತಿದ್ದಳು. ಅನಿರುದ್ಧ ಅಡುಗೆಕಟ್ಟೆ ಮೇಲೆ ಕೂತು ಹೇಳುತ್ತಲೇ ಇದ್ದ.

"ವಿಕಿರಣ ತಾಗಿದ್ರ ಕೋಶದೊಳಗಿನ ಡಿಎನ್‌ಎ ಎಳೀನ ಹರೀತದ. ಆಗ ಅದು ಮೊದಲು ಏನ್ ಮಾಡ್ತದ ಗೊತ್ತೇನ? ನಿಂತಬಿಡ್ತದ. ಹರದದ್ದು ಹೊಲಕೊಳ್ಳೂತನಕ ಒಂದ್ ಹೆಜ್ಜೀನೂ ಮುಂದ ಇಡೂದಿಲ್ಲ."

"ಹೊಲಕೊಳ್ಳಾಕ ಆಗ್ಲಿಲ್ಲಂದ್ರ?"

"ಕೆಲವು ಸಾಯ್ತಾವ. ಕೆಲವು ಹಂಗ ಮುದುಕಾಗಿ ಕೂಡ್ತಾವ. ಮತ್ತ ಎದ್ದು ಬೆಳದಾವು ಎಷ್ಟಂತ ಎಣಸೂದ ನನ್ನ ಕೆಲಸ."

"ಮೊದಲ ಈ ಚಪಾತಿ ಎಣಸು, ಹತ್ತಾದ್ವೇನ" ಎಂದು ಅವಳು ನಕ್ಕಿದ್ದಳು.

ಬಣ್ಣ ತೊಳೆದಳು. ಫರ್ಹಾನಾ "ಅಯ್ಯ!" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಖಾಲಿಯಂತಿದ್ದ ಡಿಶ್‌ನ ತುಂಬಾ, ಬಣ್ಣ ಕುಡಿದ ಮೇಲಷ್ಟೇ ಕಣ್ಣಿಗೆ ಬೀಳುವ ನೇರಳೆ ಚುಕ್ಕೆಗಳು... ಒಂದು ಚುಕ್ಕೆ ಎಂದರೆ, ಉಳಿದುಕೊಂಡ ಒಂದೇ ಒಂದು ಕೋಶ ಕಟ್ಟಿದ ಇಡೀ ಸಂಸಾರ.

ವಿಕಿರಣ ಹೆಚ್ಚಾದಂತೆ ಚುಕ್ಕೆಗಳು ಕಡಿಮೆಯಾಗುತ್ತ ಹೋದವು. ವಿನುತಾ ಆ ಜಪದ ಮಷಿನ್ ಒತ್ತುತ್ತ ಎಣಿಸಿದಳು, ಬರೆದಳು, ಮತ್ತೆ ಸೊನ್ನೆಯಿಂದ ಎಣಿಸಿದಳು.

ಅತಿ ಹೆಚ್ಚು ಪೆಟ್ಟು ತಿಂದದ್ದು ಆರನೆಯ ಡಿಶ್. ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಒಂದು... ಎರಡು... ಹನ್ನೊಂದು.

ಅನಿರುದ್ಧನ ಪ್ರಯೋಗದ ಪುಸ್ತಕದ ಕೊನೆಯ ಖಾಲಿ ಜಾಗದಲ್ಲಿ ಅದನ್ನು ಬರೆದು, ಮಷಿನ್ ಹಿಡಿದು ಮೆಟ್ಟಿಲಿಳಿದಳು.

ತಲೆಗೆ ಸೆರಗು ಸುತ್ತಿಕೊಂಡ ನೀಲವ್ವ ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತಿದ್ದಳು. ರೋಗಿಗಳ ಬಾಯಲ್ಲಿ ವಿಕಿರಣ ಚಿಕಿತ್ಸೆಯೆಂದರೆ 'ಕರೆಂಟು'; ಆಕೆಗೆ ಅದು ಇಪ್ಪತ್ತನೆಯದು.

ಮಷಿನ್ ಕಂಡದ್ದೇ ದಬಾಯಿಸಿದಳು. "ಎಲ್ಲಿ ಅದಾನವ್ವ ಆ ಕಳ್ಳ? ಕೊಡ್ತೀನಂತ ಒಯ್ದಾಂವ ಮಾರಿ ತೋರಿಸಿಲ್ಲ! ಎಣಿಸಿ ಎಣಿಸಿ ನನ್ನ ಬೆರಳ ಸವದು ಹೋದ್ವು."

"ನಾನು ಅವರ ಹೆಂಡತಿ, ಅಮ್ಮಾ. ಅವರು... ಅವರು ಇನ್ನ ಇಲ್ಲ."

ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹದಿಮೂರು ದಿನ ಬಾರದ ಅಳು ಒಮ್ಮೆಲೇ ನುಗ್ಗಿ ಬಂತು...

ನೀಲವ್ವ ಅವಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. "ಅಳು ಯವ್ವಾ... ಅಳು. ನನ್ನ ಸರದಿ ಇನ್ನೂ ದೂರ ಐತಿ" ಎಂದಳು.

ಎಷ್ಟೋ ಹೊತ್ತಾದ ಮೇಲೆ ಆಕೆ ಮಷಿನನ್ನು ಕಣ್ಣಿನ ಹತ್ತಿರ ಹಿಡಿದಳು. "ಇದೇನ್ ಹನ್ನೊಂದು?"

"ಅವರ ಕೋಶಗಳು, ಅಮ್ಮಾ. ಎಲ್ಲಕ್ಕಿಂತ ಜಾಸ್ತಿ ಕರೆಂಟ್ ತಿಂದೂ ಮತ್ತ ಎದ್ದು ಬೆಳದಾವು." ವಿನುತಾ ಕಣ್ಣೊರೆಸಿಕೊಂಡಳು. "ಕೊಡ್ರಿ, ಸೊನ್ನೆ ಮಾಡಿ ಕೊಡ್ತೀನಿ."

ನೀಲವ್ವ ತಟ್ಟನೆ ಅವಳ ಕೈ ಹಿಡಿದಳು.

"ಅಳಸಬ್ಯಾಡ ತಂಗಿ. ನಾ ಹನ್ನೆರಡರಿಂದ ಎಣಸ್ತೀನಿ."

ಮಷಿನನ್ನು ಬೆರಳಿಗೇರಿಸಿ ಗುಂಡಿ ಒತ್ತಿದಳು.

ಪೆಟ್ಟು ತಿಂದು ನಿಂತವರೆಲ್ಲ ಮುಗಿದುಹೋದವರಲ್ಲ... ಎಷ್ಟೋ ಜನ ಒಳಗೊಳಗೇ ತಮ್ಮನ್ನು ತಾವು ಹೊಲಿದುಕೊಳ್ಳುತ್ತಿರುತ್ತಾರೆ.

ನಿಮ್ಮ ಸುತ್ತ ಇರುವ ಯಾರನ್ನಾದರೂ, ಅಥವಾ ನಿಮ್ಮನ್ನೇ, 'ಖಾಲಿ' ಎಂದುಕೊಂಡು ಚೆಲ್ಲಲು ಹೊರಟಿಲ್ಲ ತಾನೇ?