ಅಮ್ಮನ ಸನ್ಮಾನ

ಬಟ್ಟೆ ಸೋಪಿನ ವಾಸನೆ ಬಂದರೆ ಈಗಲೂ ಚಾಮರಾಜಪೇಟೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ನಮ್ಮ ಬೀದಿಯ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಿದ್ದರು. ಅವರು ತೀರಿಕೊಂಡ ಮೇಲೂ ಕ್ಲಬ್ಬಿನ ಜೆರ್ಸಿಗಳನ್ನು ಅಮ್ಮನೇ ಒಗೆಯುತ್ತಿದ್ದಳು. ಆ ಭಾನುವಾರ ಕ್ಲಬ್ಬಿಗೆ ದುಡಿದವರಿಗೆಲ್ಲ ಸನ್ಮಾನವಿತ್ತು. ಅಮ್ಮನಿಗೂ ಶಾಲು ಹೊದಿಸಿದರು.

ಆಮೇಲೆ ಅಧ್ಯಕ್ಷರ ಹೆಂಡತಿ ಅರಿಶಿನ ಕುಂಕುಮದ ತಟ್ಟೆ ಹಿಡಿದು, ವೇದಿಕೆಯ ಹೆಂಗಸರಿಗೆಲ್ಲ ಹೂವು ಕೊಡುತ್ತ ಬಂದರು. ಅಮ್ಮನ ಕೈ ತಾನಾಗಿ ಮುಂದೆ ಹೋಯಿತು. ಅವರು ಕಣ್ಣು ತಗ್ಗಿಸಿ ಪಕ್ಕದವರ ಹತ್ತಿರ ಸರಿದರು. ಅಮ್ಮ ಕೈಯನ್ನು ಶಾಲಿನೊಳಗೆ ಎಳೆದುಕೊಂಡಳು.

"ಈ ತಾಯಿ ನಮ್ಮ ಕ್ಲಬ್ಬಿನ ಬೆನ್ನೆಲುಬು," ಎಂದು ಮೈಕಿನಲ್ಲಿ ಯಾರೋ ಹೇಳುತ್ತಿದ್ದರು.

ವಾಪಸ್ ಬರುವಾಗ ಅಮ್ಮ ಒಂದು ಮೊಳ ಮಲ್ಲಿಗೆ ಕೊಂಡಳು.

"ನಿಂಗಾ ಅಮ್ಮಾ?" ಅಂದೆ.

"ಸುಮ್ನೆ ತಿರುಗಿ ನಿಂತ್ಕೊಳ್ಳೆ," ಎಂದು ನನ್ನ ಜಡೆಗೆ ಬಿಗಿಯಾಗಿ ಮುಡಿಸಿದಳು. ಪಿನ್ನು ಚುಚ್ಚಿ ಕಣ್ಣಲ್ಲಿ ನೀರು ಬಂತು. ನಾನು ಅಲುಗಾಡಲಿಲ್ಲ.