ಬಳೆಯ ಕೆಳಗಿನ ಹಸಿರು

ಹುಣಸೆಹುಳಿ ಹಾಕಿ ತಾಮ್ರದ ಚೆಂಬು ಉಜ್ಜುವಾಗ ಇಂದಿಗೂ ನನ್ನ ಕಣ್ಣು ಮಣಿಕಟ್ಟಿಗೇ ಹೋಗುತ್ತದೆ.

ಚಿಕ್ಕಂದಿನಲ್ಲಿ ನಾವಿದ್ದ ಕೋಪರಿ ಎಂಬ ಊರಿನ ಮನೆಯಲ್ಲಿ ಒಂದು ಮಧ್ಯಾಹ್ನ ಅಮ್ಮ ಚೆಂಬು ತಿಕ್ಕುತ್ತ ನನಗೆ ವಿಜ್ಞಾನದ ಪಾಠ ಒಪ್ಪಿಸಲು ಹೇಳಿದ್ದಳು. ಉಡುಪಿಯಿಂದ ಬಂದಿದ್ದ ಅವಳ ಅಮ್ಮ, ನನ್ನ ಅಜ್ಜಿ, ಪಕ್ಕದಲ್ಲೇ ಕೂತಿದ್ದಳು.

“ತಾಮ್ರ?”

“ಗಾಳಿ, ನೀರು ತಾಗಿದ್ರೆ ಹಸಿರಾಗ್ತದೆ.”

“ಬಂಗಾರ?”

“ಎಂತದೂ ಆಗುದಿಲ್ಲ.”

ಅಷ್ಟರಲ್ಲಿ ಅಮ್ಮನ ಬಳೆ ಜಾರಿತು. ಅದು ಮದುವೆಗೆ ಅಜ್ಜ ಮಾಡಿಸಿಕೊಟ್ಟಿದ್ದ ಬಂಗಾರದ ಬಳೆ ಎಂದೇ ನಾನು ತಿಳಿದಿದ್ದೆ. ಅದರ ಕೆಳಗೆ ಚರ್ಮದ ಮೇಲೆ ಹಸಿರು ಗೆರೆಯಿತ್ತು. ನಾನು ಅದನ್ನೇ ನೋಡಿದೆ.

“ಇದು ಡೂಪ್ಲಿಕೇಟ್. ಟ್ರೇನಲ್ಲಿ ಕಳ್ಳರು ಜಾಸ್ತಿ ಅಲ್ವಾ,” ಎಂದಳು ಅಮ್ಮ ಅವಸರದಲ್ಲಿ.

ಅವಳು ಟ್ರೇನು ಹತ್ತಿ ತಿಂಗಳುಗಳೇ ಆಗಿದ್ದವು.

ಅಜ್ಜಿ ಉಳಿದ ಹುಳಿಯನ್ನು ಅಮ್ಮನ ಅಂಗೈಯಲ್ಲಿಟ್ಟಳು.

“ಕೈಗೂ ಸ್ವಲ್ಪ ಉಜ್ಜಿಕೋ ಮಗಾ. ನಾಳೆ ಊರಿಂದ ನಿನ್ನ ಅಪ್ಪ ಬರ್ತಾರೆ.”